ಹೆಸರು ಕೂಗಿದ್ದು ಅವನು, ಸತ್ತವರು ಅವನ ಜೊತೆಗಾರರು: ಒಡಿಸ್ಸಿಯಸ್ ತಪ್ಪಿತಸ್ಥನಾ?

ಕಡಲಹಕ್ಕಿ
ಹೋಮರನ ‘ಒಡಿಸ್ಸಿ’ಯನ್ನು ಎರಡನೇ ಸಲ ಓದಿ ಮುಗಿಸಿದೆ. ಮೊದಲ ಸಲ ಸಾಹಸದ ಕಥೆ ಅನಿಸಿತ್ತು. ಈ ಸಲ ನಿದ್ದೆ ಕೆಟ್ಟಿತು. ಓದದವರಿಗೆ ಎರಡು ಮಾತು: ಟ್ರಾಯ್ ಯುದ್ಧ ಹತ್ತು ವರ್ಷ ನಡೆಯಿತು. ಅದು ಮುಗಿದ ಮೇಲೆ ಇಥಾಕಾದ ದೊರೆ ಒಡಿಸ್ಸಿಯಸ್‌ಗೆ ಊರು ಸೇರಲು ಇನ್ನೂ ಹತ್ತು ವರ್ಷ ಹಿಡಿಯಿತು. ಹೊರಟಾಗ 12 ಹಡಗು. ಮನೆ ಮುಟ್ಟಿದ್ದು ಅವನೊಬ್ಬನೇ.

ನನ್ನನ್ನು ಕಾಡುತ್ತಿರುವುದು ಒಂಬತ್ತನೇ ಭಾಗ. ಒಕ್ಕಣ್ಣಿನ ದೈತ್ಯ ಪಾಲಿಫೀಮಸ್ ತನ್ನ ಗುಹೆಯಲ್ಲಿ ಆರು ಜನರನ್ನು ತಿಂದುಹಾಕುತ್ತಾನೆ. ಒಡಿಸ್ಸಿಯಸ್ ತನ್ನ ಹೆಸರು ‘ಯಾರೂ ಇಲ್ಲ’ ಅಂತ ಹೇಳಿ, ಅವನಿಗೆ ಕುಡಿಸಿ, ಕಣ್ಣು ಚುಚ್ಚುತ್ತಾನೆ. “ನಿನ್ನನ್ನು ಕೊಲ್ಲುತ್ತಿರುವುದು ಯಾರು?” ಅಂತ ಅಕ್ಕಪಕ್ಕದವರು ಕೇಳಿದರೆ ದೈತ್ಯ “ಯಾರೂ ಇಲ್ಲ” ಅನ್ನುತ್ತಾನೆ. ಎಂಥ ಜಾಣತನ! ಆದರೆ ಹಡಗು ಹತ್ತಿ ಪಾರಾದ ಮೇಲೆ ಏನು ಮಾಡುತ್ತಾನೆ? ಜೊತೆಗಾರರು ಬೇಡ ಬೇಡ ಅಂದರೂ ಕೇಳದೆ ತನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲ ಕೂಗಿ ಹೇಳುತ್ತಾನೆ. ಹೆಸರು ಸಿಕ್ಕಿದ್ದರಿಂದಲೇ ದೈತ್ಯ ತನ್ನ ಅಪ್ಪ, ಕಡಲ ದೇವರು ಪೊಸೈಡನ್‌ಗೆ ಮೊರೆಯಿಟ್ಟು ಶಾಪ ಹಾಕಲು ಆಗಿದ್ದು. ಇವನು ಊರು ಸೇರದಿರಲಿ, ಸೇರಿದರೂ ಜೊತೆಯವರನ್ನೆಲ್ಲ ಕಳೆದುಕೊಂಡು, ಬೇರೆಯವರ ಹಡಗಿನಲ್ಲಿ ಸೇರಲಿ ಅಂತ. ಹಾಗೇ ಆಯಿತು. ಒಬ್ಬನ ಜಂಬಕ್ಕೆ ಎಲ್ಲರೂ ಬೆಲೆ ತೆತ್ತರು. ಇವನನ್ನು ಹೇಗೆ ನಾಯಕ ಅನ್ನುವುದು?

ಬಂಡೆಮನೆ
ಕಡಲಹಕ್ಕಿ ಅವರೇ, ಇದನ್ನು ಬರೀ ಜಂಬ ಅಂದರೆ ಅನ್ಯಾಯ. ಆ ಕಾಲದ ವೀರನಿಗೆ ಹೆಸರೇ ಬದುಕು. ಗ್ರೀಕರು ಅದನ್ನು ‘ಕ್ಲೆಯೋಸ್’ ಅನ್ನುತ್ತಿದ್ದರು. ನಾಲ್ಕು ಜನ ಹಾಡುವಂಥ ಕೀರ್ತಿ. ‘ಯಾರೂ ಇಲ್ಲ’ ಆಗಿಯೇ ಉಳಿದರೆ ಆ ಗೆಲುವು ಯಾರದು? ಇನ್ನೊಂದು ವಿಷಯ. ಜೊತೆಗಾರರು ತಮ್ಮ ತಪ್ಪಿನಿಂದಲೇ ಸತ್ತರು, ಸೂರ್ಯದೇವನ ದನಗಳನ್ನು ತಿಂದು ಹಾಳಾದರು ಅಂತ ಕಾವ್ಯದ ಮೊದಲ ಸಾಲುಗಳಲ್ಲೇ ಕವಿ ಹೇಳಿಬಿಟ್ಟಿದ್ದಾನೆ. ಅವರನ್ನು ಉಳಿಸಲು ಒಡಿಸ್ಸಿಯಸ್ ಪ್ರಯತ್ನಪಟ್ಟ ಅಂತಲೂ ಇದೆ.

ಲೆಕ್ಕದ ಮೇಷ್ಟ್ರು
ಆ ಮೊದಲ ಸಾಲುಗಳೇ ನನಗೆ ಒಪ್ಪಿಗೆಯಾಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಹತ್ತನೇ ಭಾಗದಲ್ಲಿ ಲೆಸ್ಟ್ರಿಗೋನಿಯರೆಂಬ ದೈತ್ಯರು 11 ಹಡಗುಗಳನ್ನು ಒಡೆದುಹಾಕುತ್ತಾರೆ. ಉಳಿಯುವುದು ಒಂದೇ, ಒಡಿಸ್ಸಿಯಸ್‌ನದು. ಅದಾದ ಮೇಲೆ ಸರ್ಸಿ ಎಂಬ ಮಾಟಗಾತಿಯ ದ್ವೀಪದಲ್ಲಿ ಆ ಒಂದು ಹಡಗಿನವರನ್ನು ಎರಡು ಗುಂಪು ಮಾಡುತ್ತಾನೆ. ಅವನ ನೆಂಟ ಯೂರಿಲೋಕಸ್‌ನ ಜೊತೆ 22 ಜನ. ಇನ್ನೊಂದು ಗುಂಪೂ ಅಷ್ಟೇ ಅಂದುಕೊಂಡರೆ ಒಂದು ಹಡಗಿನಲ್ಲಿ ಸುಮಾರು 46 ಜನ. ಹನ್ನೊಂದರಿಂದ ಗುಣಿಸಿ, ಐನೂರು ದಾಟುತ್ತದೆ. ದನ ತಿಂದದ್ದು ಅದಾಗಿ ಎಷ್ಟೋ ಕಾಲದ ಮೇಲೆ, ಹನ್ನೆರಡನೇ ಭಾಗದಲ್ಲಿ. ಈ ಐನೂರು ಜನ ಯಾವ ದನವನ್ನೂ ಮುಟ್ಟಿದವರಲ್ಲ ಸ್ವಾಮಿ!

ತೆರೆಸಾಲು
ಮೇಷ್ಟ್ರೇ, ಆ ಜಾಗವನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮದು ಮೀನುಗಾರರ ಮನೆ, ಅಪ್ಪ ಬೋಟಿನ ತಾಂಡೇಲರಾಗಿದ್ದವರು. ಕಾವ್ಯದಲ್ಲಿ ಆ ಬಂದರು ಹೇಗಿದೆ ನೋಡಿ. ಸುತ್ತ ಕಡಿದಾದ ಬಂಡೆ, ಬಾಯಿ ಕಿರಿದು, ಒಳಗೆ ಒಂದು ಅಲೆಯೂ ಇಲ್ಲ. ಹನ್ನೊಂದು ಹಡಗು ಒಳಗೆ ಹೋಗಿ ಒತ್ತೊತ್ತಾಗಿ ನಿಂತವು. ಒಡಿಸ್ಸಿಯಸ್ ಮಾತ್ರ ಹೊರಗೇ ಬಂಡೆಗೆ ಹಗ್ಗ ಕಟ್ಟಿದ. ಅದು ಸರಿಯಾದ ಬುದ್ಧಿಯೇ. ಬಾಯಿ ಚಿಕ್ಕದಿರುವ ಕಡೆ ಒಳಗೆ ಸಿಕ್ಕಿಬಿದ್ದರೆ ಹೊರಗೆ ಬರಲಾಗುವುದಿಲ್ಲ. ಆದರೆ ಆ ಬುದ್ಧಿಯನ್ನು ಉಳಿದವರಿಗೆ ಹೇಳಿದನಾ? ಹೇಳಿದ ಅಂತ ಒಂದು ಸಾಲೂ ಇಲ್ಲ. ದೈತ್ಯರು ಮೇಲಿನಿಂದ ಬಂಡೆ ಎಸೆದು, ಮನುಷ್ಯರನ್ನು ಮೀನಿನ ಹಾಗೆ ಚುಚ್ಚಿ ಒಯ್ದರು. ಇವನು ಕತ್ತಿಯಿಂದ ಹಗ್ಗ ಕಡಿದು ಹೊರಟ.

ಅದಕ್ಕೂ ಮೊದಲಿನ ಗಾಳಿಚೀಲದ ಕಥೆಯೂ ಹೀಗೇ. ಗಾಳಿಗಳ ಒಡೆಯ ಈಯೋಲಸ್ ಎದುರುಗಾಳಿಗಳನ್ನೆಲ್ಲ ಚೀಲದಲ್ಲಿ ಕಟ್ಟಿಕೊಟ್ಟಿದ್ದ. ಒಂಬತ್ತು ಹಗಲು ಒಂಬತ್ತು ರಾತ್ರಿ ಹಾಯಿಹಗ್ಗವನ್ನು ಇವನು ಯಾರ ಕೈಗೂ ಕೊಡಲಿಲ್ಲ. ಹತ್ತನೇ ದಿನ ಊರಿನ ಬೆಂಕಿ ಕಾಣುವಷ್ಟು ಹತ್ತಿರ ಬಂದಾಗ ನಿದ್ದೆ ಬಂತು. ಬೆಳ್ಳಿಬಂಗಾರ ಇರಬೇಕು ಅಂತ ಜೊತೆಯವರು ಚೀಲ ಬಿಚ್ಚಿದರು. ನಿದ್ದೆಗೆ ನಾನು ಬೈಯುವುದಿಲ್ಲ. ಕಡಲಲ್ಲಿ ಎರಡು ರಾತ್ರಿ ನಿದ್ದೆಗೆಟ್ಟವನಿಗೆ ಅದರ ಕಷ್ಟ ಗೊತ್ತು. ಆದರೆ ಚೀಲದಲ್ಲಿ ಏನಿದೆ ಅಂತ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಸಂಜೆಮಲ್ಲಿಗೆ
ಹೇಳದೇ ಇರುವುದೇ ಅವನ ನಿಜವಾದ ದೋಷ, ಜಂಬ ಅಲ್ಲ. ಕಡಲದಾರಿಯ ರಾಕ್ಷಸಿ ಸ್ಕಿಲ್ಲಾ ಆರು ಜನರನ್ನು ಎತ್ತಿಕೊಳ್ಳುತ್ತಾಳೆ ಅಂತ ಸರ್ಸಿ ಮೊದಲೇ ಹೇಳಿದ್ದಳು. ಜೊತೆಗಾರರು ಹೆದರಿ ಹುಟ್ಟು ಬಿಟ್ಟಾರು ಅಂತ ಇವನು ಮುಚ್ಚಿಟ್ಟ. ಅವಳು ಎತ್ತಿಕೊಂಡಾಗ ಆ ಆರು ಜನ ಕೈ ಚಾಚಿ, ಕೊನೆಯ ಸಲ ಇವನ ಹೆಸರು ಹಿಡಿದು ಕೂಗುತ್ತಾರೆ. ಕಡಲಲ್ಲಿ ತಾನು ಕಂಡದ್ದರಲ್ಲೆಲ್ಲ ಅದೇ ಅತಿ ಘೋರ ಅಂತ ಅವನೇ ಹೇಳುತ್ತಾನೆ. ದೈತ್ಯನಿಗೆ ಕೂಗಿ ಹೇಳಿದ ಹೆಸರು ಇಲ್ಲಿ ಹೀಗೆ ತಿರುಗಿ ಕೇಳಿಸುತ್ತದೆ.

ಬಂಡೆಮನೆ ಅವರೇ, ಮೊದಲ ಸಾಲುಗಳಲ್ಲಿ ಜೊತೆಗಾರರ ತಪ್ಪಿಗೆ ಬಳಸಿದ ಗ್ರೀಕ್ ಪದ ‘ಅತಸ್ಥಲಿಯಾ’. ತಿಳಿದೂ ತಿಳಿದೂ ಮಾಡುವ ಹುಂಬತನ. ಹತ್ತನೇ ಭಾಗದಲ್ಲಿ ಯೂರಿಲೋಕಸ್ ಅದೇ ಪದವನ್ನು ಒಡಿಸ್ಸಿಯಸ್‌ನ ಮೇಲೆ ತಿರುಗಿಸುತ್ತಾನೆ. ಗುಹೆಯಲ್ಲಿ ನಮ್ಮವರು ಸತ್ತದ್ದು ಇವನ ಹುಂಬತನದಿಂದ ಅಂತ. ನೆಂಟನೆಂದೂ ನೋಡದೆ ಅವನ ತಲೆ ಕತ್ತರಿಸಬೇಕು ಅನಿಸುತ್ತದೆ ಒಡಿಸ್ಸಿಯಸ್‌ಗೆ. ಉಳಿದವರು ತಡೆಯುತ್ತಾರೆ. ಸುಳ್ಳು ಮಾತಿಗೆ ಅಷ್ಟು ಸಿಟ್ಟು ಬರುವುದಿಲ್ಲ.

ಬಂಡೆಮನೆ
ಆ ಪದದ ವಿಷಯ ನಾನು ಗಮನಿಸಿರಲಿಲ್ಲ. ಒಪ್ಪಿದೆ. ಆದರೆ ಒಂದು ಮಾತು. ಒಂಬತ್ತರಿಂದ ಹನ್ನೆರಡನೇ ಭಾಗದವರೆಗೆ ಕಥೆ ಹೇಳುತ್ತಿರುವವನು ಯಾರು? ಒಡಿಸ್ಸಿಯಸ್ಸೇ. ಅಲ್ಸಿನೋಸ್ ದೊರೆಯ ಸಭೆಯಲ್ಲಿ ಕೂತು ಹೇಳುತ್ತಿದ್ದಾನೆ. ಊರಿಗೆ ಹೋಗಲು ಆ ದೊರೆಯ ಹಡಗು ಬೇಕು. ಹಾಗಿದ್ದೂ ಹೆಸರು ಕೂಗಿದ್ದು, ಮುಚ್ಚಿಟ್ಟದ್ದು, ಯೂರಿಲೋಕಸ್ ಬೈದದ್ದು ಎಲ್ಲವನ್ನೂ ಬಿಡದೆ ಹೇಳುತ್ತಾನೆ. ಬಿಟ್ಟುಬಿಡಬಹುದಿತ್ತು, ಕೇಳಲು ಸಾಕ್ಷಿಗಳೇ ಉಳಿದಿಲ್ಲ.

ಅವನು ಬದಲಾಗಿದ್ದಾನೆ ಅನ್ನುವುದು ನನ್ನ ನಂಬಿಕೆ. ಇಥಾಕಾದಲ್ಲಿ ಭಿಕ್ಷುಕನ ವೇಷದಲ್ಲಿದ್ದಾಗ, ಅವನ ಹೆಂಡತಿ ಪೆನೆಲೊಪಿಯನ್ನು ಮದುವೆಯಾಗಲು ಬೆನ್ನು ಬಿದ್ದವರಲ್ಲಿ ಒಬ್ಬನಾದ ಅಂಟಿನೋಸ್ ಅವನ ಮೇಲೆ ಕಾಲುಮಣೆ ಎಸೆಯುತ್ತಾನೆ. ಆ ಗಳಿಗೆಯಲ್ಲಿ ಒಡಿಸ್ಸಿಯಸ್ ತುಟಿ ಬಿಚ್ಚುವುದಿಲ್ಲ, ತಲೆ ಆಡಿಸಿ ಸುಮ್ಮನಾಗುತ್ತಾನೆ. ರಾತ್ರಿ ಮಲಗಿದಾಗ ಎದೆಯೊಳಗೆ ನಾಯಿ ಬೊಗಳಿದ ಹಾಗಾಗುತ್ತದೆ. “ತಾಳಿಕೋ ಮನಸೇ, ಇದಕ್ಕಿಂತ ನಾಯಿಪಾಡನ್ನು ತಾಳಿದ್ದೀಯೆ” ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ನೆನಪಾಗುವುದು ಅದೇ ಗುಹೆ! ಪೆನೆಲೊಪಿಯ ಬೆನ್ನು ಬಿದ್ದವರನ್ನೆಲ್ಲ ಕೊಂದ ಮೇಲೆ ಮನೆಯ ಮುದುಕಿ ದಾದಿ ಯೂರಿಕ್ಲಿಯಾ ಖುಷಿಯಿಂದ ಕೂಗಲು ಹೋಗುತ್ತಾಳೆ. ಬೇಡ, ಸತ್ತವರ ಮೇಲೆ ಜಂಬ ಕೊಚ್ಚುವುದು ಪಾಪ ಅಂತ ತಡೆಯುತ್ತಾನೆ. ಹಡಗಿನಿಂದ ಕೂಗಿದವನ ಬಾಯಲ್ಲಿ ಈ ಮಾತು ಬರಲು ಹತ್ತು ವರ್ಷ ಬೇಕಾಯಿತು.

ಹೊಸ ಓದುಗ
ಏಳು ವರ್ಷ ದ್ವೀಪದ ದೇವತೆ ಕಲಿಪ್ಸೊ ಜೊತೆ ಇದ್ದನಲ್ಲ, ಅದನ್ನೇಕೆ ಯಾರೂ ಎತ್ತುತ್ತಿಲ್ಲ? ಇಲ್ಲಿ ಪೆನೆಲೊಪಿ ಒಬ್ಬಳೇ 108 ಜನರ ಕಾಟ ತಡೆದುಕೊಂಡಿದ್ದಳು.

ಸಂಜೆಮಲ್ಲಿಗೆ
ಒಳ್ಳೆಯ ಪ್ರಶ್ನೆ. ಅವನು ದಡದಲ್ಲಿ ಕೂತು ಅಳುತ್ತಿದ್ದ, ಆಕೆ ಅವನಿಗೆ ‘ಇನ್ನು’ ಹಿಡಿಸುತ್ತಿರಲಿಲ್ಲ ಅಂತಿದೆ. ಆ ‘ಇನ್ನು’ ಅನ್ನುವ ಪದವನ್ನು ಕವಿ ಬೇಕೆಂದೇ ಇಟ್ಟಿದ್ದಾನೆ. ಮೊದಲು ಹಿಡಿಸಿತ್ತು ಅಂತ ತಾನೇ? ಆದರೆ ಸಾವೇ ಬಾರದ ಹಾಗೆ ಮಾಡುತ್ತೇನೆ ಅಂದರೂ ಒಲ್ಲೆ ಅಂದ. ಪೆನೆಲೊಪಿ ಒಂದು ದಿನ ಸಾಯುವವಳು, ರೂಪದಲ್ಲಿ ನಿನಗೆ ಸಮನಲ್ಲ, ಆದರೂ ನಾನು ಮನೆಗೆ ಹೋಗಬೇಕು ಅಂದ. ಅಲ್ಲಿ ನನಗೆ ಅವನ ಮೇಲೆ ಪ್ರೀತಿ ಬಂತು.

ಬಂಡೆಮನೆ ಅವರ ‘ಬದಲಾದ’ ಮಾತನ್ನು ಮಾತ್ರ ನಾನು ಅರ್ಧ ಒಪ್ಪುತ್ತೇನೆ. ಜಂಬ ಬೇಡ ಅಂದ ಅದೇ ಗಳಿಗೆಯಲ್ಲಿ ಆ ಸತ್ತವರ ಜೊತೆ ಮಲಗಿದ್ದ 12 ದಾಸಿಯರ ಕೈಯಿಂದ ಹೆಣ ಹೊರಿಸುತ್ತಾನೆ, ಕುರ್ಚಿ ಮೇಜು ತೊಳೆಸುತ್ತಾನೆ, ಕೊಲ್ಲಲು ಹೇಳುತ್ತಾನೆ. ಮಗ ಟೆಲೆಮಾಕಸ್ ಅವರನ್ನು ನೇಣಿಗೆ ಹಾಕುತ್ತಾನೆ. ಬಲೆಗೆ ಬಿದ್ದ ಹಕ್ಕಿಗಳ ಹಾಗೆ ಕಾಲು ಸ್ವಲ್ಪ ಹೊತ್ತು ಒದರಿದವು, ಜಾಸ್ತಿ ಹೊತ್ತಲ್ಲ ಅಂತ ಕವಿ ಬರೆದಿದ್ದಾನೆ. ಆ ಹೆಣ್ಣುಮಕ್ಕಳ ಪರವಾಗಿ ಅಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ.

ಲೆಕ್ಕದ ಮೇಷ್ಟ್ರು
ಸತ್ತ ಗಂಡಸರ ಪರವಾಗಿ ಒಬ್ಬ ಮಾತಾಡುತ್ತಾನೆ. ಕೊನೆಯ ಭಾಗದಲ್ಲಿ ಅಂಟಿನೋಸ್‌ನ ಅಪ್ಪ ಯೂಪೀಥೀಸ್ ಸಭೆಯಲ್ಲಿ ಅಳುತ್ತಾ ಹೇಳುತ್ತಾನೆ: ಇವನು ಹಡಗುಗಳನ್ನು ಕಳೆದ, ಕರೆದೊಯ್ದ ಜನರನ್ನು ಕಳೆದ, ಈಗ ಬಂದು ಉಳಿದವರನ್ನೂ ಕೊಂದ. ಸಭೆಯ ಅರ್ಧಕ್ಕಿಂತ ಹೆಚ್ಚು ಜನ ಅವನ ಹಿಂದೆ ಹೊರಡುತ್ತಾರೆ. ಹಡಗುಗಳ ಲೆಕ್ಕವನ್ನು ಆ ಊರಿನವರು ಮರೆತಿರಲಿಲ್ಲ.

ಕಡಲಹಕ್ಕಿ
ಇಷ್ಟು ಓದಿ ಮತ್ತೆ ಒಂಬತ್ತನೇ ಭಾಗದ ಶುರುವಿಗೆ ಹೋದೆ. ದಾರಿಯ ಮೊದಲ ಊರು ಇಸ್ಮಾರೊಸ್. ಅಲ್ಲಿ ಕೊಳ್ಳೆ ಹೊಡೆಯಲು ಹೋಗಿ ಹಡಗಿಗೆ ಆರರಂತೆ ಜನ ಸತ್ತರು. ಸತ್ತ ಒಬ್ಬೊಬ್ಬರನ್ನೂ ಮೂರು ಮೂರು ಸಲ ಕೂಗಿ ಕರೆದ ಮೇಲೆಯೇ ಹಡಗು ಮುಂದಕ್ಕೆ ಹೊರಟಿತು ಅಂತಿದೆ. ಲೆಸ್ಟ್ರಿಗೋನಿಯರ ಬಂದರನ್ನು ಬಿಟ್ಟಾಗ ಅದು ಇಲ್ಲ. ಸಾವಿನಿಂದ ಪಾರಾದೆವು, ಗೆಳೆಯರು ಹೋದರು ಅಂತ ದುಃಖಪಡುತ್ತಾ ಮುಂದೆ ಸಾಗಿದೆವು, ಅಷ್ಟೇ. ಹನ್ನೊಂದು ಹಡಗಿನವರನ್ನು ಮೂರು ಮೂರು ಸಲ ಕೂಗಲು ಆಗ ಒಂದೇ ಹಡಗಿನವರು ಉಳಿದಿದ್ದರು.