ಟೆಕ್ಸಾಸ್‌ನಲ್ಲಿ ಪೊಲೀಸರು ವೀಸಾ ಕೇಳ್ತಾರಾ?

ಶಿರಸಿ ಹುಡುಗಿ: ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಟೆಕ್ಸಾಸ್‌ನ ಪ್ಲೇನೋಗೆ ಹೊರಟಿದ್ದೇವೆ. ಮನೆಯವರದು ಎಚ್‌-1ಬಿ (ಕೆಲಸದ ವೀಸಾ), ನನ್ನದೂ ಮಗನದೂ ಎಚ್‌-4 (ಅವರ ಕುಟುಂಬದವರ ವೀಸಾ). ಅವನಿಗೆ ಮೊನ್ನೆ 18 ತುಂಬಿತು, ಕಾರು ಸ್ವಲ್ಪ ಜೋರು. ಅಲ್ಲಿ ಗಾಡಿ ನಿಲ್ಲಿಸಿದರೆ ಪೊಲೀಸರು ಐಸ್‌ನವರಿಗೆ (ಕೇಂದ್ರದ ವಲಸೆ ಪೊಲೀಸ್) ಫೋನ್ ಮಾಡ್ತಾರಂತೆ, ನಿಜವೇ? ಎರಡು ದಿನದಿಂದ ನಿದ್ದೆ ಇಲ್ಲ.

ರಾಗಿಮುದ್ದೆ: ಕಾಗದ ಸರಿ ಇದ್ದರೆ ಭಯ ಯಾಕಮ್ಮ? ನಾವು 1998ರಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದವರು. ಸಾಲಿನಲ್ಲಿ ನಿಂತೇ ಗ್ರೀನ್ ಕಾರ್ಡ್ ತೆಗೆದುಕೊಂಡೆವು.

ಹಂಪಿ ಬಂಡೆ: ಅವರು ಕೇಳಿದ್ದು ಅದಲ್ಲ ಸರ್. ಅಕ್ಕಾ, ಎರಡೂ ರಾಜ್ಯದ ಕಾನೂನು ಪೂರ್ತಿ ಉಲ್ಟಾ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಎಸ್‌ಬಿ 54 ಅನ್ನುವ ರಾಜ್ಯದ ಕಾನೂನು ಇದೆ. ಊರಿನ ಪೊಲೀಸರು ನಿಮ್ಮ ವೀಸಾ ವಿಚಾರಿಸುವ ಹಾಗಿಲ್ಲ. ಐಸ್ ಕೇಳಿಕೊಂಡಿತು ಅಂತ ಬಿಡುಗಡೆ ಆಗಬೇಕಾದವರನ್ನು ಜೈಲಿನಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಟೆಕ್ಸಾಸ್‌ನಲ್ಲಿ 2017ರ ಎಸ್‌ಬಿ 4. ಅಲ್ಲಿ ಗಾಡಿ ತಡೆದಾಗಲೂ ಕೇಳಬಹುದು, ಆದರೆ ಕೇಳಲೇಬೇಕು ಅಂತಿಲ್ಲ. ಅರೆಸ್ಟ್ ಆದರೆ ಮಾತ್ರ ಕಷ್ಟ. ಐಸ್ ಕೋರಿದರೆ 48 ಗಂಟೆವರೆಗೆ ಜಾಸ್ತಿ ಹಿಡಿದಿಡುತ್ತಾರೆ.
ಇನ್ನೊಂದು. 18 ತುಂಬಿದ ವಿದೇಶಿಯರು ಐ-94 (ದೇಶದೊಳಗೆ ಬಂದದ್ದರ ದಾಖಲೆ) ಥರದ ಕಾಗದ ಸದಾ ಜೊತೆಗಿಟ್ಟುಕೊಳ್ಳಬೇಕು. ಇದು ಇಡೀ ದೇಶದ ಕಾನೂನು, ಸ್ಯಾನ್ ಹೋಸೆಯಲ್ಲೂ ಇದೆ.

ತುಂಗಾ ತೀರ: ಪೊಲೀಸ್ ಚಿಂತೆ ಬಿಡಿ, ಮಗನಿಗೆ 21 ತುಂಬುವ ದಿನದ ಚಿಂತೆ ಮಾಡಿ. ನನ್ನ ಮಗಳ ಎಚ್‌-4 ಆವತ್ತಿಗೇ ಮುಗಿಯಿತು. ಆರನೇ ವಯಸ್ಸಿಗೆ ಬಂದವಳು, ಈಗ ಸ್ಟೂಡೆಂಟ್ ವೀಸಾ. ಆಗಲೇ ಬೆಂಗಳೂರಿಗೆ ವಾಪಸ್ ಹೋಗಬೇಕಿತ್ತು. ನಾನೇ ಹಟ ಮಾಡಿದೆ.

ರಾಗಿಮುದ್ದೆ: ದೇಶ ಒಂದು, ಕಾನೂನು ಐವತ್ತಾ? ಕೇಂದ್ರ ಹೇಳಿದ್ದನ್ನು ಪೊಲೀಸರು ಕೇಳಲೇಬೇಕು. ಕಳ್ಳದಾರಿಯಲ್ಲಿ ಬಂದವರಿಂದ ನಮಗೂ ಕೆಟ್ಟ ಹೆಸರು.

ಹಂಪಿ ಬಂಡೆ: ಕೇಳಲೇಬೇಕು ಅಂತಿಲ್ಲ. ರಾಜ್ಯದ ಪೊಲೀಸರಿಗೆ ಕೇಂದ್ರ ತನ್ನ ಕೆಲಸ ಹೊರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಅದು ಬಂದೂಕು ಮಾರಾಟದ ಕೇಸು, ವಲಸೆಯದ್ದಲ್ಲ. ಹಾಗಂತ ಕ್ಯಾಲಿಫೋರ್ನಿಯಾ ಕೋಟೆಯೂ ಅಲ್ಲ. ಅರೆಸ್ಟ್ ಆದವರ ಬೆರಳಚ್ಚು ಎಫ್‌ಬಿಐಗೆ ಹೋಗುತ್ತದೆ, ಅಲ್ಲಿಂದ ಐಸ್‌ಗೂ.

ರಾಗಿಮುದ್ದೆ: ಕೋರ್ಟು ಗೀರ್ಟು ಬೇಡ. ಹುಡುಗನಿಗೆ ಮೆಲ್ಲಗೆ ಓಡಿಸೋಕೆ ಹೇಳಿ. ನಮ್ಮ ಮಗ ಇವತ್ತಿನವರೆಗೆ ಒಂದು ಟಿಕೆಟ್ ತಗೊಂಡಿಲ್ಲ. ಭಾನುವಾರ ಕನ್ನಡ ಶಾಲೆಗೆ ಕಳಿಸಿದ್ದೆವು, ಅದರ ಶಿಸ್ತು.

ಪೇಡೆ ಪ್ರಿಯ: ಕನ್ನಡ ಶಾಲೆಗೂ ಸ್ಪೀಡಿಂಗ್ ಟಿಕೆಟ್‌ಗೂ ಏನ್ ಸರ್ ಸಂಬಂಧ 😀

ರಾಗಿಮುದ್ದೆ: ಸಂಬಂಧ ಇದೆ. ನಿಮ್ಮ ಮಕ್ಕಳು ದೊಡ್ಡವರಾಗಲಿ, ಗೊತ್ತಾಗುತ್ತದೆ.

ಶಿರಸಿ ಹುಡುಗಿ: ಐ-94 ಅವನ ಪರ್ಸಿನಲ್ಲಿ ಇಡಲಾ, ಕಾರಿನಲ್ಲಾ? ಪ್ರಿಂಟ್ ಸಾಕಾ?

ಪೇಡೆ ಪ್ರಿಯ: ಮೇಡಂ, ಮನೆ ಪ್ಲೇನೋ ಪಕ್ಕದ ಫ್ರಿಸ್ಕೊ ಕಡೆ ನೋಡಿ. ಶಾಲೆ ಚೆನ್ನಾಗಿದೆ.