‘ಬಡವರಿಗೆ 13 ಐಕ್ಯೂ ಕಮ್ಮಿ’: ಈ ಕಬ್ಬು ಬೆಳೆಗಾರರ ಸ್ಟಡಿನ ಎಷ್ಟು ನಂಬೋದು?

ಕಾವೇರಿ_ಪಿ:
ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡ್ ಸುತ್ತಾಡ್ತಿದೆ, "ಬಡವರಿಗೆ 13 ಐಕ್ಯೂ ಕಮ್ಮಿ, ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಸಾಬೀತಾಗಿದೆ" ಅಂತ. ಸಿಟ್ಟು ಬಂದು ಮೂಲ ಪೇಪರ್ ಹುಡುಕಿ ಓದ್ದೆ. 2013ರ ಆಗಸ್ಟಲ್ಲಿ ಸೈನ್ಸ್ ಪತ್ರಿಕೇಲಿ ಬಂದಿದ್ದು, ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೋ ಬರ್ದಿರೋದು. ರೈತರ ಭಾಗದಲ್ಲಿ ಬಡವರನ್ನ ಸಾಹುಕಾರರ ಜೊತೆ ಹೋಲಿಸೇ ಇಲ್ಲ ರೀ. 464 ರೈತರು, ಅದೇ ಮನುಷ್ಯನಿಗೆ ಕಟಾವಿಗೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ಟೆಸ್ಟ್. ಆ 13 ಅನ್ನೋ ಅಂಕಿ ಬಂದಿದ್ದು ನ್ಯೂಜೆರ್ಸಿಯ ಮಾಲ್‌ನಲ್ಲಿ ಮಾಡಿದ ಬೇರೆ ಪ್ರಯೋಗದಿಂದ, ಕಾರ್ ರಿಪೇರಿಗೆ 1500 ಡಾಲರ್ ಬೇಕಾದ್ರೆ ಹೆಂಗೆ ಹೊಂದಿಸ್ತೀರ ಅಂತ ಯೋಚನೆಗೆ ಹಚ್ಚಿ ಟೆಸ್ಟ್ ಕೊಟ್ಟಿದ್ದು. ಎರಡನ್ನೂ ಕಲಸಿ ಫಾರ್ವರ್ಡ್ ಮಾಡವ್ರೆ. ಯಾವ ಸ್ಟಡಿ ಆದ್ರೂ ಮೊದ್ಲು ನೋಡ್ಬೇಕಾಗಿದ್ದು ಯಾರನ್ನ ಯಾರ ಜೊತೆ ಹೋಲಿಸಿದ್ರು ಅಂತ. ಆ ಲೆಕ್ಕದಲ್ಲಿ ಇದ್ರ ವಿನ್ಯಾಸ ತುಂಬಾ ಗಟ್ಟಿ. ಕಟಾವಾದ್ಮೇಲೆ ಕೈಯಲ್ಲಿ ದುಡ್ಡಿರುತ್ತೆ, ಚಿಂತೆ ಇಳಿಯುತ್ತೆ, ಅದೇ ತಲೆ ಚೆನ್ನಾಗಿ ಓಡುತ್ತೆ.

ದತ್ತಾಂಶ_ದಿನೇಶ:
"ತುಂಬಾ ಗಟ್ಟಿ" ಹೆಂಗೆ ಮೇಡಂ? ಅವ್ರು ಕೊಟ್ಟಿದ್ದು ರೇವನ್ಸ್ ಟೆಸ್ಟು, ಚಿತ್ರಗಳ ಸಾಲಲ್ಲಿ ಒಂದು ಜಾಗ ಖಾಲಿ ಇರುತ್ತೆ, ಅಲ್ಲಿಗೆ ಯಾವ್ದು ಹೊಂದುತ್ತೆ ಅಂತ ಆರಿಸೋದು. ಅಂಥದ್ದನ್ನ ಯಾರಿಗಾದ್ರೂ ಎರಡ್ನೇ ಸಲ ಕೊಟ್ರೆ ಜಾಸ್ತಿ ಮಾರ್ಕ್ಸ್ ತೆಗೀತಾರೆ, ಅಭ್ಯಾಸ ಆಗಿರುತ್ತೆ. 4.35 ಇದ್ದಿದ್ದು 5.45 ಆಗಿದೆ, ಹತ್ತಕ್ಕೆ. ಇದಕ್ಕೆ ದುಡ್ಡೇ ಕಾರಣ ಅಂತ ಹೆಂಗೆ ಹೇಳ್ತೀರ.

ಕಾವೇರಿ_ಪಿ:
ಪೇಪರ್ ಪೂರ್ತಿ ಓದಿ ಸಾರ್. ಆ ಅನುಮಾನ ಅವ್ರಿಗೂ ಇತ್ತು, ಅದಕ್ಕೇ 100 ರೈತರನ್ನ ಮುಂಚೆ ಟೆಸ್ಟ್ ಮಾಡ್ದೆ ಹಾಗೇ ಬಿಟ್ಟು ಕಟಾವಾದ್ಮೇಲೆ ಮೊದಲನೇ ಸಲ ಕೂರಿಸಿದ್ರು. ಅವ್ರಿಗೆ ಯಾವ ಅಭ್ಯಾಸ ಇತ್ತು?

ಮದ್ದೂರು_ಮಂಜ:
"ಕಟಾವಾದ್ಮೇಲೆ ಕೈಯಲ್ಲಿ ದುಡ್ಡಿರುತ್ತೆ" ಅಂತ ಯಾರು ನಿಮ್ಗೆ ಹೇಳಿದ್ದು ಅಕ್ಕಾ? ನಾನು ಕಬ್ಬು ಬೆಳೆಯೋ ಮನೇಲೇ ಹುಟ್ಟಿದ್ದು. ಕಬ್ಬು ಕಡ್ದು ಲೋಡ್ ಕಳ್ಸುದ್ ದಿನ ನಮ್ಮಪ್ಪನ ಕೈಯಲ್ಲಿ ಇರೋದು ತೂಕದ ಚೀಟಿ ಒಂದೇ. ಲೋಡ್ ತುಂಬ್ದೋರಿಗೆ ಕೊಡೋ ಕೂಲಿನೂ ಸಾಲ ಮಾಡೇ ಕೊಡೋದು. ಬಿಲ್, ಅಂದ್ರೆ ಫ್ಯಾಕ್ಟ್ರಿಯಿಂದ ಕಬ್ಬಿನ ದುಡ್ಡು, ಬರೋಗಂಟ ಚಿಂತೆ ಇನ್ನೂ ಜಾಸ್ತಿ ಆಯ್ತದೆ, ಯಾಕಂದ್ರೆ ಗದ್ದೇಲಿ ನಿಂತಿದ್ ಕಬ್ಬೂ ಇಲ್ಲ, ದುಡ್ಡೂ ಇಲ್ಲ.

ವಕೀಲ್_ಸಾಹೇಬ್ರು:
ಕಾನೂನು ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ದುಡ್ಡು ಕೊಡ್ಬೇಕು, 1966ರ ಕಬ್ಬು ನಿಯಂತ್ರಣ ಆದೇಶ, ತಡ ಆದ್ರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ. ಹಂಗಾಗಿ ಕಾವೇರಿಯವ್ರು ಹೇಳಿದ್ದು ಸರಿ.

ಮದ್ದೂರು_ಮಂಜ:
"ಕಾನೂನು ಪ್ರಕಾರ" ಅಂತೀರಲ್ಲ ಸಾರ್, ನಾನು ಗದ್ದೆ ಪ್ರಕಾರ ಹೇಳ್ತಿದೀನಿ. ನಮ್ಗೆ ಒಂದು ವರ್ಷದ ಬಿಲ್ ಬಂದಿದ್ದು ಕೂಳೆ ಕಬ್ಬಿಗೆ, ಅಂದ್ರೆ ಕಡ್ದ ಬುಡದಿಂದ ತಿರಗಾ ಚಿಗುರೋ ಬೆಳೆಗೆ, ಎರಡ್ನೇ ಸಲ ಗೊಬ್ಬರ ಹಾಕಿದ್ಮೇಲೆ.

ಮುಧೋಳದ_ಮಗ:
ಮಂಜಣ್ಣ ಹೇಳೂದು ಖರೇ ಐತಿ. ನಮ್ಮ ಕಡೆನೂ ಹಂಗ. ಕಡಿಯೋ ಗ್ಯಾಂಗ್ ಬಂದ್ರ ಅವ್ರಿಗೆ ಮ್ಯಾಲಿನ ರೊಕ್ಕ ಬ್ಯಾರೆ ಕೊಡಬೇಕು, ಟ್ರ್ಯಾಕ್ಟರಿನವ ಕೇಳಿದ್ದು ಬ್ಯಾರೆ. ಬಿಲ್ಲಿನ ಸಲುವಾಗಿ ರಸ್ತಾಕ್ಕ ಇಳದು ಕುಂತ ಮಂದಿ ನಾವು. ಕಟಾವು ಅಂದ್ರ ನೆಮ್ಮದಿ ಅಂತ ಬರದವ್ರು ಒಂದ್ ಸಲ ಬಂದು ನೋಡ್ಲಿ.

ವಕೀಲ್_ಸಾಹೇಬ್ರು:
ರಸ್ತೆಗಿಳಿದಿದ್ದು ದರಕ್ಕೆ, ಬಾಕಿಗೆ ಅಲ್ಲ. ಎರಡೂ ಬೇರೆ.

ಮುಧೋಳದ_ಮಗ:
ಎರಡಕ್ಕೂ ಇಳದೀವ್ರಿ ಸಾಹೇಬ್ರ. ಬಿಸಲಾಗ ಕುಂತವ್ರು ನಾವು, ಯಾತಕ್ಕ ಕುಂತಿದ್ವಿ ಅಂತ ನೀವು ನಮಗ ಹೇಳಬ್ಯಾಡ್ರಿ.

ದತ್ತಾಂಶ_ದಿನೇಶ:
ನೋಡಿ, ಇದೇ ನಾನು ಹೇಳ್ತಿರೋದು, "ಮುಂಚೆ-ಆಮೇಲೆ" ಅನ್ನೋ ವಿಭಜನೆನೇ ಅಲುಗಾಡ್ತಿದೆ. ಇನ್ನೊಂದು ಸೇರಿಸ್ತೀನಿ, 2016ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಕಾರ್ವಾಲೋ, ಮೈಯರ್, ವಾಂಗ್ ಅನ್ನೋರು ಕಮ್ಮಿ ಆದಾಯದವ್ರನ್ನ ಸಂಬಳದ ದಿನಕ್ಕೆ ಮುಂಚೆ ಕೆಲವರು, ಆಮೇಲೆ ಕೆಲವರು ಅಂತ ಚೀಟಿ ಎತ್ತಿದ ಹಾಗೆ ಹಂಚಿ ಪರೀಕ್ಷೆ ಮಾಡಿದ್ರು, ಬುದ್ಧಿ ಓಡೋದ್ರಲ್ಲಿ ವ್ಯತ್ಯಾಸ ಸಿಗ್ಲಿಲ್ಲ. 2021ರಲ್ಲಿ ದುಡ್ಡಿನಂಥದ್ದರ ಕೊರತೆ ಮನಸ್ಸಿನ ಮೇಲೆ ಮಾಡೋ ಪರಿಣಾಮದ ಬಗ್ಗೆ 20 ಪ್ರಯೋಗಗಳನ್ನ ಮತ್ತೆ ಮಾಡಿ ನೋಡಿದ್ರೆ 4 ಮಾತ್ರ ನಿಂತ್ವು. ಮುಗೀತಲ್ಲ.

ಕಾವೇರಿ_ಪಿ:
"ಮುಗೀತಲ್ಲ" ಅಂತ ನೀವೇ ತೀರ್ಪು ಕೊಡೋದಾದ್ರೆ ಚರ್ಚೆ ಯಾಕೆ? ತಿಂಗಳಿಗೋ ಹದಿನೈದು ದಿನಕ್ಕೋ ಸಂಬಳ ಎಣಿಸೋನಿಗೂ ವರ್ಷಕ್ಕೊಂದೇ ಸಲ ದುಡ್ಡು ಕಾಣೋ ರೈತನಿಗೂ ಒಂದೇ ಅಳತೆ ಹಿಡೀಬೇಡಿ. ಮಂಜಣ್ಣ, ನಿಮ್ಗೂ ಉತ್ತರ ಅದೇ ಪೇಪರಲ್ಲಿದೆ. ಕಟಾವಿಗೆ ಮುಂಚೆ ನೂರಕ್ಕೆ 78 ಜನ ಏನಾದ್ರೂ ಅಡ ಇಟ್ಟಿದ್ರು, ಆಮೇಲೆ 4 ಜನ. ಸಾಲ ಇದ್ದೋರು ಮುಂಚೆ 99, ಆಮೇಲೆ 13. ದುಡ್ಡು ಬರ್ದೆ ಈ ಅಂಕಿ ಇಳಿಯುತ್ತಾ?

ಮದ್ದೂರು_ಮಂಜ:
ಸಾಲ 99ರಿಂದ 13ಕ್ಕೆ ಇಳೀತು ಅಂದ್ರೆ ನಾನು ನಂಬಲ್ಲ ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಮ್ಮವ್ವನ ಎರಡೆಳೆ ಸರದ ರಸೀದಿ ಟ್ರಂಕಲ್ಲಿ ಸೀರೆ ಮಡಿಕೆ ಒಳಗೆ ಅದೆ, ಪ್ರತಿ ವರ್ಷ ಬಿಲ್ ಬಂದಾಗ ಬಡ್ಡಿ ಕಟ್ಟಿ ತಿರಗಾ ಅಲ್ಲೇ ಮಡಗ್ತಾರೆ, ಮಡಚಿ ಮಡಚಿ ಕಾಗ್ದ ನಾಲ್ಕು ತುಂಡಾಗದೆ. ಯಾರಾದ್ರೂ ಪೆನ್ನು ಹಿಡ್ಕೊಂಡು ಬಂದು "ಸಾಲ ಅದಾ" ಅಂದ್ರೆ ನಮ್ಮಪ್ಪ ಇಲ್ಲ ಅಂತಲೇ ಅನ್ನೋದು, ಮರ್ಯಾದೆ ಪ್ರಶ್ನೆ. ಪ್ರಶ್ನೆ ಕೇಳಿ ಪಡ್ದಿರೋ ಅಂಕಿನ ಕಣ್ಣಲ್ಲಿ ಕಂಡಂಗೆ ಹೇಳ್ಬೇಡಿ.

ಕಾವೇರಿ_ಪಿ:
ಸಾಲ ಮುಚ್ಚಿಡೋ ಜನ ಕಟಾವಿಗೆ ಮುಂಚೆ ಯಾಕೆ ನೂರಕ್ಕೆ 99 ಜನ ಇದೆ ಅಂತ ಒಪ್ಕೊಂಡ್ರು ಹಾಗಾದ್ರೆ? ನಿಮ್ಮ ಮನೆ ಕಥೆ ನಿಜಾನೇ ಇರಬೋದು, ಒಂದು ಮನೆ ಅದು. ಇವ್ರು ಹೋಗಿದ್ದು 54 ಹಳ್ಳಿಗೆ.

ಮದ್ದೂರು_ಮಂಜ:
"ಒಂದು ಮನೆ" ಅಂತ ತಳ್ಳಿಬಿಟ್ರಲ್ಲ. ಸರಿ ಬಿಡಿ, ನಮ್ ಮನೆ ಕಥೆ ಕಥೆ, ನಿಮ್ ಪೇಪರು ವೇದ. ಇನ್ ಮೇಲೆ ಇಲ್ಲಿ ಬರಿಯಲ್ಲ.

ಮುಧೋಳದ_ಮಗ:
ಅಕ್ಕಾರ, ಹಂಗ ಅನಬಾರದಿತ್ತು. ಅವ್ರ ಅವ್ವನ ಸರದ ಮಾತು ಅದು.

ವಕೀಲ್_ಸಾಹೇಬ್ರು:
ಆದ್ರೂ ಅಂಕಿ ಮುಂದೆ ಅನುಭವ ನಿಲ್ಲಲ್ಲ.

ಕಾವೇರಿ_ಪಿ:
ನಾನು ಅವಮಾನ ಮಾಡೋಕೆ ಹೇಳಿದ್ದಲ್ಲ. ಬಡವ್ರು ದಡ್ಡರು ಅಂತ ಸಾರೋ ಆ ಫಾರ್ವರ್ಡ್ ಸುಳ್ಳು ಅಂತ ತೋರ್ಸೋಕೇ ಇಷ್ಟೆಲ್ಲಾ ಬರ್ದಿದ್ದು. ಇನ್ನೊಂದು ವಿಷ್ಯ ಯಾರೂ ನೋಡ್ಲೇ ಇಲ್ಲ, ಫ್ಯಾಕ್ಟ್ರಿ ಎಲ್ರಿಗೂ ಒಂದೇ ವಾರ ಕಟಾವಿಗೆ ಆರ್ಡರ್ ಕೊಡಲ್ಲ, ತಿಂಗಳುಗಟ್ಲೆ ಹಿಂದೆಮುಂದೆ ಆಗುತ್ತೆ. ಹಂಗಾಗಿ ಹಬ್ಬ, ಮಳೆ, ಬಿಸಿಲು ಇವೆಲ್ಲ ಕಾರಣ ಅನ್ನೋಕಾಗಲ್ಲ. ನಾನು ಗಟ್ಟಿ ಅಂದಿದ್ದು ಅದಕ್ಕೇ.

ದತ್ತಾಂಶ_ದಿನೇಶ:
"ಆರ್ಡರ್ ಹಿಂದೆಮುಂದೆ" ಆಗೋದು ಕುರುಡು ಲಾಟರಿನಾ? ನಮ್ಮೂರ ಕಡೆ ಯಾರ ಕಬ್ಬು ಮೊದ್ಲು ಹೋಗುತ್ತೆ ಅನ್ನೋದು ಯಾರಿಗೆ ಯಾರು ಗೊತ್ತು ಅನ್ನೋದ್ರ ಮೇಲಿದೆ. ಅಲ್ಲೂ ಹಂಗೇ ಇದ್ರೆ ಮೊದ್ಲು ಕಡಿಸ್ಕೊಂಡೋರು ಕೊನೆಯವ್ರಿಗಿಂತ ಬೇರೆ ಥರದ ಜನ.

ಕಾವೇರಿ_ಪಿ:
ಅದೇ ಮನುಷ್ಯನನ್ನ ಅವನ ಜೊತೆಗೇ ಹೋಲಿಸಿದಾಗ ಮೊದ್ಲು ಯಾರು ಕೊನೆಗೆ ಯಾರು ಅನ್ನೋದು ಎಲ್ಲಿಂದ ಬಂತು ಸಾರ್? ಮೊದಲ್ನೇ ಕಾಮೆಂಟಲ್ಲೇ ಬರ್ದಿದ್ದೆ.

ದತ್ತಾಂಶ_ದಿನೇಶ:
ಆ 100 ಜನ ಒಂದೇ ಸಲ ಟೆಸ್ಟ್ ಬರ್ದೋರು, ಅವ್ರನ್ನ ಹೋಲಿಸಿರೋದು ಬೇರೆಯವ್ರ ಜೊತೆನೇ. ಅದನ್ನೂ ನೀವೇ ಹೇಳಿದ್ದು.

ಗೌರಿ_ಕೆ_ಆರ್_ಪೇಟೆ:
ಇಷ್ಟು ಹೊತ್ತು ಓದ್ತಿದ್ದೆ. ಅಡ ಇಟ್ಟ ಒಡವೆ ಹೆಂಗಸರದ್ದು ಅಲ್ವಾ? ದುಡ್ಡು ಸಾಲ್ದೆ ಬಂದಾಗ ಅಂಗಡಿ ಲೆಕ್ಕ, ಮಕ್ಕಳ ಫೀಜು, ಸಂಘದ ಕಂತು ತಲೇಲಿ ಹೊತ್ಕೊಂಡು ತಿರುಗೋದು ಮನೆ ಹೆಂಗಸು. ಟೆಸ್ಟಿಗೆ ಕೂರಿಸಿದ್ದು ಯಾರನ್ನ ಅಂತ ನಿಮ್ಮಲ್ಲಿ ಒಬ್ರೂ ಕೇಳ್ಲಿಲ್ಲ.

ದತ್ತಾಂಶ_ದಿನೇಶ:
ಅದು ಬೇರೆ ವಿಷಯ ಮೇಡಂ, ಅದಕ್ಕೆ ಇನ್ನೊಂದು ಥ್ರೆಡ್ ಮಾಡಿ. ಕಾವೇರಿಯವ್ರೇ, ಆ ಮಾಲ್ ಪ್ರಯೋಗದಲ್ಲಿ ಜನರನ್ನ ಆದಾಯದ ಪ್ರಕಾರ ಬಡವ-ಶ್ರೀಮಂತ ಅಂತ ಎರಡೇ ಗುಂಪು ಮಾಡಿದ್ದಕ್ಕೆ ಅದೇ ವರ್ಷ ಅದೇ ಸೈನ್ಸ್ ಪತ್ರಿಕೇಲಿ ವಿಶರ್ಟ್ಸ್ ಮತ್ತೆ ಸ್ಕಾಲ್ಟನ್ ಆಕ್ಷೇಪ ಎತ್ತಿದ್ರು. ಅದನ್ನ ಯಾಕೆ ಹೇಳ್ಲಿಲ್ಲ ನೀವು?

ಕಾವೇರಿ_ಪಿ:
ಅದಕ್ಕೆ ಪೇಪರ್ ಬರ್ದೋರು ಕೊಟ್ಟ ಉತ್ತರನೂ ಅಲ್ಲೇ ಅಚ್ಚಾಗಿದೆ. ಅದನ್ನ ಯಾಕೆ ಹೇಳ್ಲಿಲ್ಲ ನೀವು?