ಮೈಕ್ ಆನ್ ಆದ ಕೂಡಲೇ ಗಂಟಲು ಕಟ್ಟುತ್ತೆ, ನೀವೇನು ಮಾಡಿದಿರಿ?

ಮೂರು ತಿಂಗಳಿಂದ ಆನ್‌ಲೈನಿನಲ್ಲಿ ಜರ್ಮನ್ ಕಲಿಯುತ್ತಿದ್ದೇನೆ. ಬ್ಯಾಚಿನಲ್ಲಿ ಎಂಟು ಜನ. ಒಬ್ಬಳೇ ಕೂತು ಓದುವಾಗ ಎಲ್ಲ ಬರುತ್ತದೆ. ಮೈಕ್ ಆನ್ ಮಾಡಿದರೆ ಗೊತ್ತಿರುವ ಪದವೂ ಮಾಯ. ಬೇರೆಯವರು ಪಟಪಟ ಮಾತಾಡುವುದು ಕೇಳಿದರೆ ಅಳು ಬರುತ್ತದೆ. ಬಿಟ್ಟುಬಿಡಲಾ?

— ಬಿಡಬೇಡಿ ಮಾರಾಯ್ರೆ. ನನ್ನದೂ ಜರ್ಮನ್ನೇ. ಶುರುವಿನಲ್ಲಿ ಒಂದು ದಿನ ಸೆಕೆ ಆಗ್ತಿದೆ ಅನ್ನಲು ಹೋಗಿ 'ಇಷ್ ಬಿನ್ ಹೈಸ್' ಅಂದೆ. ಟೀಚರ್ ತುಟಿ ಬಿಗಿ ಹಿಡಿದರು. ಇಬ್ಬರು ಫಟ್ ಅಂತ ಕ್ಯಾಮೆರಾ ಆಫ್ ಮಾಡಿದರು, ನಗೋಕೆ. ಅದಕ್ಕೆ ಪೋಲಿ ಅರ್ಥ ಬರುತ್ತದಂತೆ. 'ಮಿರ್ ಇಸ್ಟ್ ಹೈಸ್' ಅನ್ನಬೇಕಿತ್ತು. ತಮಾಷೆ ನೋಡಿ, ಅದು ನಮ್ಮ 'ನನಗೆ ಸೆಕೆ' ಇದ್ದ ಹಾಗೇ ಇದೆ! ಕನ್ನಡದಲ್ಲೇ ಯೋಚಿಸಿದ್ದರೆ ಬಚಾವಾಗುತ್ತಿದ್ದೆ, ಇಂಗ್ಲಿಷಿನ 'ಐ ಆಮ್ ಹಾಟ್' ಹಿಡಿದು ಹೋಗಿ ಬಿದ್ದೆ.

ನಾಚಿಕೆಯಲ್ಲಿ ಎರಡು ಕ್ಲಾಸ್ ತಪ್ಪಿಸಿದೆ. ಅದೇ ದೊಡ್ಡ ತಪ್ಪು. ಭಯ ಇನ್ನೂ ಜಾಸ್ತಿ ಆಯಿತು. ವಾಪಸ್ ಹೋದಾಗ ಮಾತ್ರ ಯಾರಿಗೂ ಅದು ನೆನಪಿರಲಿಲ್ಲ. ಆಮೇಲಿಂದ ಕ್ಲಾಸ್ ಶುರುವಾದ ಕೂಡಲೇ ಬರೆದಿಟ್ಟ ಒಂದು ಸಾಲು ಹೇಳಿಬಿಡುತ್ತೇನೆ. ನನ್ನ ಸರದಿ ಯಾವಾಗ ಬರುತ್ತೋ ಅಂತ ಕಾಯುವಾಗಲೇ ಎದೆ ಡವಡವ ಅನ್ನುವುದು, ಅಲ್ವಾ? ಇನ್ನೊಂದು, ಝೂಮ್‌ನಲ್ಲಿ ನಮ್ಮ ಮುಖ ನಮಗೇ ಕಾಣದ ಹಾಗೆ ಮಾಡಬಹುದು. ತಡವರಿಸುತ್ತಿರುವ ನನ್ನನ್ನೇ ನೋಡುತ್ತಾ ಕೂರುವ ಹಿಂಸೆ ತಪ್ಪಿತು.

— ನನಗೆ ಭಯ ಅಲ್ಲ, ಸಿಟ್ಟು. ಜೊತೆಗೆ ಕಲಿಯುವ ಗೆಳೆಯ ಪದ ಪದಕ್ಕೂ ತಿದ್ದುತ್ತಿದ್ದ. ಒಂದು ದಿನ ಕಾಲ್ ಕಟ್ ಮಾಡಿಯೇ ಬಿಟ್ಟೆ. ಆಮೇಲೆ ಒಪ್ಪಂದ ಮಾಡಿಕೊಂಡೆವು: ನಾನು ಹತ್ತು ನಿಮಿಷ ಮಾತಾಡುತ್ತೇನೆ, ನೀನು ತಪ್ಪುಗಳನ್ನು ಚಾಟ್‌ನಲ್ಲಿ ಟೈಪ್ ಮಾಡು, ಕೊನೆಗೆ ನೋಡೋಣ. ಈಗ ಅವನ ಸರದಿ ಬಂದಾಗ ಸುಮ್ನೆ ಕೂರುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತಾಗಿದೆ.

— ನಿಮಗೊಬ್ಬರಿಗೇ ಹೀಗೆ ಅಂದುಕೊಳ್ಳಬೇಡಿ. ಭಾಷೆ ಕಲಿಯುವವರ ಈ ಆತಂಕವನ್ನು ಅಳೆಯಲು ಸಂಶೋಧಕಿ ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲೇ 33 ಹೇಳಿಕೆಗಳ ಪ್ರಶ್ನಾವಳಿ ಪ್ರಕಟಿಸಿದ್ದರು. ಉಳಿದವರೆಲ್ಲ ನನಗಿಂತ ಚೆನ್ನಾಗಿ ಕಲಿಯುತ್ತಾರೆ ಅನ್ನಿಸುತ್ತಲೇ ಇರುತ್ತದೆ ಎಂಬ ಅರ್ಥದ ಹೇಳಿಕೆಯೂ ಅದರಲ್ಲಿದೆ. ನಿಮ್ಮ ಮಾತೇ ತಾನೇ? ಆದರೆ ಟೀಚರ್ ನಿಜಕ್ಕೂ ಹೀಯಾಳಿಸುವವರಾದರೆ ಬ್ಯಾಚ್ ಬದಲಿಸಿ. ಅದನ್ನೂ ಸಹಿಸಿಕೊಳ್ಳಿ ಅಂತ ನಾನು ಹೇಳಲ್ಲ.

— ಕೇಳಿದವಳು ನಾನೇ. ಟೀಚರ್ ಒಳ್ಳೆಯವರು. ನಾಳೆ ಕ್ಲಾಸಿದೆ, ಮೊದಲ ಸಾಲು ಚೀಟಿಯಲ್ಲಿ ಬರೆದಿಟ್ಟೆ: 'ಮಿರ್ ಇಸ್ಟ್ ಕಾಲ್ಟ್', ನನಗೆ ಚಳಿ. ಇದಕ್ಕೆ ಪೋಲಿ ಅರ್ಥ ಇಲ್ಲ ತಾನೇ?